ಕನ್ನಡ ನಾಡಿನ ಇಬ್ಬರು ಗಣಿತಕವಿಗಳು

ಕ್ರಿಸ್ತಶಕ 850ರ ಆಸುಪಾಸಿನಲ್ಲಿ, ಒಬ್ಬನೇ ಅರಸನ ಆಳ್ವಿಕೆಯ ನೆರಳಿನಲ್ಲಿ, ಎರಡು ಗ್ರಂಥಗಳು ಹುಟ್ಟಿದವು. ಅರಸನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ. ಎರಡು ಗ್ರಂಥಗಳಲ್ಲಿ ಒಂದು ‘ಕವಿರಾಜಮಾರ್ಗ’. ಅದನ್ನು ಬಲ್ಲದ ಕನ್ನಡ ವಿದ್ಯಾರ್ಥಿ ಇಲ್ಲ. ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯಲ್ಲಿಯೇ ನಮ್ಮ ವಿದ್ವಾಂಸರ ಎರಡು ತಲೆಮಾರುಗಳು ಕಳೆದುಹೋದವು. ಇನ್ನೊಂದು ಗ್ರಂಥ ಸಂಸ್ಕೃತದ್ದು. ಅದರ ಹೆಸರು ‘ಗಣಿತಸಾರಸಂಗ್ರಹ’. ಅದನ್ನು ಬರೆದವನು ಮಹಾವೀರಾಚಾರ್ಯನೆಂಬ ದಿಗಂಬರ ಜೈನ ವಿದ್ವಾಂಸ. ಕನ್ನಡವನ್ನೇ ಓದಿ, ಕನ್ನಡವನ್ನೇ ಕಲಿಸಿ ನಿವೃತ್ತನಾದ ನನ್ನಂಥವನು ಈ ಎರಡನೆಯ ಗ್ರಂಥದ ಹೆಸರನ್ನು ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಗಳಲ್ಲಿ ಮಾತ್ರ ಕಂಡಿದ್ದುಂಟು. ಅಡಿಟಿಪ್ಪಣಿಯಿಂದ ಅದನ್ನು ಮೇಲಕ್ಕೆ ಎತ್ತಿ ನೋಡೋಣವೆಂಬುದೇ ಈ ಭಾಷಣದ ಉದ್ದೇಶ.

ಆ ಕಾಲವನ್ನು ಒಮ್ಮೆ ನೆನೆಯಿರಿ. ನೃಪತುಂಗ ಪಟ್ಟಕ್ಕೆ ಬಂದದ್ದು 814ರಲ್ಲಿ. ಅದಕ್ಕೆ ಒಂದು ವರ್ಷ ಹಿಂದೆ ಬಾಗ್ದಾದಿನಲ್ಲಿ ಖಲೀಫ ಅಲ್ ಮಾಮೂನ್ ಅಧಿಕಾರಕ್ಕೆ ಬಂದಿದ್ದ. ಅವನ ಆಶ್ರಯದಲ್ಲಿದ್ದ ಅಲ್ ಖ್ವಾರಿಜ್ಮಿ ಭಾರತೀಯರ ಅಂಕಿಗಳಿಂದ ಲೆಕ್ಕ ಮಾಡುವ ರೀತಿಯನ್ನು ಅರಬ್ಬೀ ಭಾಷೆಯಲ್ಲಿ ಬರೆದಿಟ್ಟ. ಇಂದು ಕಂಪ್ಯೂಟರಿನವರ ಬಾಯಲ್ಲಿ ನಲಿದಾಡುವ ‘ಆಲ್ಗರಿದಮ್’ ಎಂಬ ಮಾತು ಅವನ ಹೆಸರಿನ ಅಪಭ್ರಂಶ. ಅರಬ್ ಪ್ರವಾಸಿಗಳು ನಮ್ಮ ರಾಷ್ಟ್ರಕೂಟರನ್ನು ‘ಬಲ್ಹರಾ’ ಎಂದು ಕರೆದು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬರೆಂದು ಎಣಿಸಿದ್ದರು. ಹೀಗೆ ಬಾಗ್ದಾದಿನಲ್ಲಿ ಹೊರಗಿನವರು ಭಾರತದ ಲೆಕ್ಕವನ್ನು ಕಲಿಯುತ್ತಿದ್ದಾಗ, ಮಾನ್ಯಖೇಟದ ಸೀಮೆಯಲ್ಲಿ ಒಬ್ಬನು ಆ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ ಒಪ್ಪ ಮಾಡುತ್ತಿದ್ದ.

ಮಹಾವೀರಾಚಾರ್ಯನು ತನ್ನ ಊರನ್ನಾಗಲಿ ಹೆತ್ತವರನ್ನಾಗಲಿ ಹೇಳಿಕೊಂಡಿಲ್ಲ. ಅಮೋಘವರ್ಷನನ್ನು ಹೊಗಳುತ್ತಾನೆ, ಗುರುಪರಂಪರೆಗೆ ತಲೆಬಾಗುತ್ತಾನೆ, ಸಮುದ್ರದಿಂದ ರತ್ನವನ್ನೂ ಕಲ್ಲಿನಿಂದ ಚಿನ್ನವನ್ನೂ ಚಿಪ್ಪಿನಿಂದ ಮುತ್ತನ್ನೂ ತೆಗೆಯುವಂತೆ ಹಿಂದಿನವರ ಶಾಸ್ತ್ರದಿಂದ ಸಾರವನ್ನು ತೆಗೆದೆನೆನ್ನುತ್ತಾನೆ. ಅವನಿಗಿಂತ ಹಿಂದೆ ಆರ್ಯಭಟ, ಬ್ರಹ್ಮಗುಪ್ತರು ಗಣಿತ ಬರೆದಿದ್ದರು, ನಿಜ. ಆದರೆ ಅವರ ಗಣಿತ ಜ್ಯೋತಿಷ ಸಿದ್ಧಾಂತದ ಒಂದೆರಡು ಅಧ್ಯಾಯಗಳಾಗಿ, ಗ್ರಹಗತಿಯ ಲೆಕ್ಕಕ್ಕೆ ಊಳಿಗದವಳಾಗಿ ನಿಂತಿತ್ತು. ಮಹಾವೀರಾಚಾರ್ಯನು ಅವಳನ್ನು ಮನೆಯೊಡತಿಯನ್ನಾಗಿ ಮಾಡಿದ. ಅವನ ಇಡೀ ಗ್ರಂಥ ಗಣಿತವೇ. ಪೀಠಿಕೆಯಲ್ಲಿ ಗಣಿತ ಎಲ್ಲೆಲ್ಲಿ ಬೇಕು ಎಂಬ ಪಟ್ಟಿ ಕೊಡುವಾಗ ಅವನು ಅರ್ಥಶಾಸ್ತ್ರ, ವೈದ್ಯ, ವಾಸ್ತುವಿದ್ಯೆಗಳನ್ನು ಮಾತ್ರವಲ್ಲ, ಸಂಗೀತ, ನಾಟ್ಯ, ಪಾಕಶಾಸ್ತ್ರ, ಛಂದಸ್ಸು, ಅಲಂಕಾರ, ವ್ಯಾಕರಣಗಳನ್ನೂ ಸೇರಿಸುತ್ತಾನೆ, ಕಾಮಶಾಸ್ತ್ರವನ್ನೂ ಬಿಡುವುದಿಲ್ಲ. ಸಂಸಾರ ಬಿಟ್ಟವರ ಮತದವನಾದರೂ ಸಂಸಾರದ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸ್ಥಾನಗಳ ಹೆಸರುಗಳನ್ನೇ ನೋಡಿ. ನಾವು ಕೋಟಿಯ ಮೇಲೆ ನೂರು ಕೋಟಿ, ಸಾವಿರ ಕೋಟಿ ಎಂದು ತಡವರಿಸುತ್ತೇವೆ. ಅವನು ಏಕ, ದಶ, ಶತದಿಂದ ಹೊರಟು ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿಗಳನ್ನು ದಾಟಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಇನ್ನು ಸಂಖ್ಯೆಗಳನ್ನು ಹಾರ ಪೋಣಿಸುವಂತೆ ಪೋಣಿಸುವುದು ಅವನಿಗೆ ಒಂದು ಚಪಲ. 2,79,94,681ನ್ನು 441ರಿಂದ ಗುಣಿಸಿರಿ, 12345654321 ಬರುತ್ತದೆ. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಮಾಲೆ. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಇಂಥವುಗಳನ್ನು ಅವನು ಕೊರಳ ಹಾರಗಳೆಂದೇ ಕರೆಯುತ್ತಾನೆ. ಚಿತ್ರಕವಿತ್ವವೆಂದು ನಾವು ಮೂಗು ಮುರಿಯುವುದನ್ನು ಸಂಖ್ಯೆಗಳಲ್ಲಿ ಮಾಡಿದರೆ ಎಷ್ಟು ಸೊಗಸೆಂದು ನನಗೆ ಆಗ ತೋರಿತು.

ಆದರೆ ಇವು ಆಟ. ಅವನ ನಿಜವಾದ ಕಾಣಿಕೆಗಳು ಬೇರೆ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳನ್ನೆಲ್ಲ ಒಂದಕ್ಕೊಂದು ಗುಣಿಸಿ ದೊಡ್ಡ ಮೂಟೆ ಕಟ್ಟುವ ಬದಲು, ಅವೆಲ್ಲಕ್ಕೂ ಹೊಂದುವ ಅತಿ ಚಿಕ್ಕ ಸಂಖ್ಯೆಯನ್ನು ಹುಡುಕುವ ರೀತಿಯನ್ನು ಅವನು ಹೇಳಿದ. ಅದಕ್ಕೆ ‘ನಿರುದ್ಧ’ ಎಂದು ಹೆಸರಿಟ್ಟ. ಶಾಲೆಯ ಮಕ್ಕಳು ಇಂದು ಕಲಿಯುವ ಲಘುತಮ ಸಾಮಾನ್ಯ ಅಪವರ್ತ್ಯ ಇದೇ. ಒಂದು ಎಂಬ ಪೂರ್ಣವನ್ನು ಅಂಶ ಒಂದೇ ಇರುವ ಭಿನ್ನಗಳಾಗಿ ಒಡೆಯುವ ಸೂತ್ರವನ್ನೂ ಕೊಟ್ಟ. ಒಂದರಿಂದ ಮೊದಲಾಗಿ ಮೂರು ಮೂರು ಪಟ್ಟು ಏರುತ್ತ ಹೋಗಿ: 1, 3, 9, 27. ಮೊದಲನೆಯದನ್ನು ಎರಡರಿಂದ, ಕೊನೆಯದನ್ನು ಮೂರನೆಯ ಎರಡಂಶದಿಂದ ಗುಣಿಸಿ. ಛೇದಗಳು 2, 3, 9, 18 ಆಗುತ್ತವೆ. ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು, ಇವನ್ನು ಕೂಡಿ ನೋಡಿ, ಸರಿಯಾಗಿ ಒಂದು.

ಎಲ್ಲಕ್ಕಿಂತ ಮುಖ್ಯವಾದದ್ದು ಆಯ್ಕೆಯ ಗಣಿತ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಾಗಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಅವನು ಪದ್ಯದಲ್ಲಿ ಕೊಟ್ಟಿದ್ದಾನೆ. ಉದಾಹರಣೆಗೆ ಅವನು ಆರಿಸಿದ್ದು ಊಟದ ಎಲೆಯನ್ನು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಬೆರೆಸಿದರೆ ಎಷ್ಟು ರುಚಿಗಳಾದಾವು? ಒಂದೊಂದಾಗಿ 6, ಎರಡೆರಡಾಗಿ 15, ಮೂರು ಮೂರಾಗಿ 20, ಮತ್ತೆ 15, ಮತ್ತೆ 6, ಎಲ್ಲ ಕೂಡಿ 1, ಒಟ್ಟು 63. ಅರವತ್ತಮೂರು ಎಂಬ ಎಣಿಕೆ ವೈದ್ಯರಿಗೆ ಮೊದಲೇ ಗೊತ್ತಿತ್ತು. ಯಾವ ಸಂಖ್ಯೆಗೂ ಸಲ್ಲುವ ಸೂತ್ರವಾಗಿ ಅದನ್ನು ಬಿಡಿಸಿ ಹೇಳಿದವನು ಮಹಾವೀರಾಚಾರ್ಯ. ಯೂರೋಪಿನಲ್ಲಿ ಈ ಸೂತ್ರ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1634ರಲ್ಲಿ, ಫ್ರಾನ್ಸಿನ ಎರಿಗೋನನ ಪುಸ್ತಕದಲ್ಲಿ.

ಸಾಹಿತ್ಯದವರಿಗೆ ಈ ಗಣಿತ ಹೊಸದೇನಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ನಮ್ಮ ಒಂದನೆಯ ನಾಗವರ್ಮನ ‘ಛಂದೋಂಬುಧಿ’ಯಲ್ಲಿ ಷಟ್ಪ್ರತ್ಯಯವೆಂಬ ಭಾಗವಿದೆಯಷ್ಟೆ. ಪ್ರಸ್ತಾರ, ನಷ್ಟ, ಉದ್ದಿಷ್ಟ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಭಾಗ ಅದು. ಒಂದೊಂದು ಅಕ್ಷರವೂ ಲಘುವೋ ಗುರುವೋ ಆಗಬಹುದಾದ್ದರಿಂದ 26 ಅಕ್ಷರದ ಉತ್ಕೃತಿ ಛಂದಸ್ಸಿನ ಒಂದು ಪಾದದಲ್ಲಿ 6,71,08,864 ವೃತ್ತಗಳು ಸಾಧ್ಯ. ಕವಿಗಳು ಬಳಸಿದ್ದು ಬೆರಳೆಣಿಕೆಯಷ್ಟನ್ನು. ಛಂದಸ್ಸನ್ನು ಕಲಿಸುತ್ತಿದ್ದ ವರ್ಷಗಳಲ್ಲಿ ನಾವು ಗಣಿತವನ್ನೇ ಕಲಿಸುತ್ತಿದ್ದೆವು, ಆ ಮಾತನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಹಾಗೆಂದು ಆಚಾರ್ಯನು ಹೇಳಿದ್ದೆಲ್ಲ ಸರಿಯೆಂದು ಜಯಘೋಷ ಮಾಡುವುದು ಬೇಡ. ನಮ್ಮ ಹಿಂದಿನವರಿಗೆ ಎಲ್ಲವೂ ಗೊತ್ತಿತ್ತೆಂದು ಎದೆತಟ್ಟಿಕೊಳ್ಳುವವರು ಅವರನ್ನು ಓದಿರುವುದಿಲ್ಲ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಮಾರ್ಪಡದೆ ಹಾಗೆಯೇ ಉಳಿಯುತ್ತದೆ ಎಂದು ಅವನು ಬರೆದ. ಹಂಚಿಕೊಳ್ಳುವವರೇ ಇಲ್ಲದಿದ್ದರೆ ಬುಟ್ಟಿಯ ಹಣ್ಣು ಬುಟ್ಟಿಯಲ್ಲಿಯೇ ಉಳಿಯುವುದಲ್ಲವೆ ಎಂಬ ಲೌಕಿಕ ತರ್ಕ ಅವನ ಮನಸ್ಸಿನಲ್ಲಿ ಇದ್ದಿರಬಹುದು. ಆದರೆ ಗಣಿತಕ್ಕೆ ಅದು ಸಲ್ಲದು. ಮುನ್ನೂರು ವರ್ಷಗಳ ಮೇಲೆ ಭಾಸ್ಕರಾಚಾರ್ಯನು ಅದನ್ನು ‘ಖಹರ’ವೆಂದು ಕರೆದು, ಎಷ್ಟು ಕೂಡಿದರೂ ಕಳೆದರೂ ಕದಲದ ಅನಂತಕ್ಕೆ ಹೋಲಿಸಿದ. ದೀರ್ಘವೃತ್ತವನ್ನು ‘ಆಯತವೃತ್ತ’ವೆಂದು ಹೆಸರಿಸಿ ಅದರ ಅಳತೆಗೆ ಕೈಹಾಕಿದ ಸಾಹಸ ಮಹಾವೀರಾಚಾರ್ಯನದು. ಸುತ್ತಳತೆಯ ಸೂತ್ರ ನಿಜಕ್ಕೆ ಹತ್ತಿರ ಬಂತು, ಕ್ಷೇತ್ರಫಲದ್ದು ಬರಲಿಲ್ಲ. ಆದರೆ ಋಣಸಂಖ್ಯೆಯ ವಿಷಯದಲ್ಲಿ ಅವನ ನೋಟ ಎಷ್ಟು ನಿಚ್ಚಳ! ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಕಾರಣಸಹಿತ ಹೇಳಿದ. ಆ ಮುಚ್ಚಿದ ಬಾಗಿಲನ್ನು ಇಟಲಿಯವರು ತಟ್ಟಿ ತೆರೆದದ್ದು ಹದಿನಾರನೆಯ ಶತಮಾನದಲ್ಲಿ. ಬಾಗಿಲು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವುದೂ ಸಣ್ಣ ಕೆಲಸವಲ್ಲ.

ಈಗ ಅವನ ಕಥೆಗಳಿಗೆ ಬರೋಣ. ಗಣಿತಸಾರಸಂಗ್ರಹದ ಲೆಕ್ಕಗಳಲ್ಲಿ ಒಂದು ನಾಡಿನ ಬಾಳೇ ಓಡಾಡುತ್ತದೆ. ಮೂವರು ವರ್ತಕರು ದಾರಿಯಲ್ಲಿ ಬಿದ್ದ ಹಣದ ಚೀಲವನ್ನು ಕಾಣುತ್ತಾರೆ. ಇದು ನನಗೆ ಸಿಕ್ಕರೆ ನಿಮ್ಮಿಬ್ಬರಲ್ಲಿ ಇರುವುದರ ಎರಡರಷ್ಟು ನನ್ನಲ್ಲಾಗುತ್ತದೆ ಎನ್ನುತ್ತಾನೆ ಒಬ್ಬ. ನನಗೆ ಸಿಕ್ಕರೆ ಮೂರರಷ್ಟು ಎನ್ನುತ್ತಾನೆ ಇನ್ನೊಬ್ಬ. ನನಗಾದರೆ ಐದರಷ್ಟು ಎನ್ನುತ್ತಾನೆ ಮತ್ತೊಬ್ಬ. ಅವರ ಕೈಯಲ್ಲಿದ್ದದ್ದು 1, 3, 5, ಚೀಲದಲ್ಲಿದ್ದದ್ದು 15. ಚೀಲ ಯಾರದ್ದೆಂದು ಮೂವರಲ್ಲಿ ಒಬ್ಬನೂ ಕೇಳುವುದಿಲ್ಲ ಎಂಬುದು ನನ್ನ ಗಮನಕ್ಕೆ ಬಂತು. ಇನ್ನೊಂದರಲ್ಲಿ ರಾಜಕುಮಾರನ ವಿನೋದಕ್ಕಾಗಿ ಹಕ್ಕಿ ತರಲು ಒಬ್ಬನನ್ನು ಕಳುಹಿಸುತ್ತಾರೆ. ಪಾರಿವಾಳ ಮೂರು ಪಣಕ್ಕೆ ಐದು, ಸಾರಸ ಐದಕ್ಕೆ ಏಳು, ಹಂಸ ಏಳಕ್ಕೆ ಒಂಬತ್ತು, ನವಿಲು ಒಂಬತ್ತು ಪಣಕ್ಕೆ ಮೂರು. ನೂರು ಪಣಕ್ಕೆ ನೂರು ಹಕ್ಕಿ ತರಬೇಕು. ಪಾರಿವಾಳ 15, ಸಾರಸ 28, ಹಂಸ 45, ನವಿಲು 12 ಎಂಬುದು ಒಂದು ಉತ್ತರ. ನಾನು ವಾಸಿಸುವ ಆರ್‌ಪಿಸಿ ಲೇಔಟಿನಲ್ಲಿ ನೆರೆಮನೆಯವರೊಬ್ಬರು ಗಣಿತದ ಮೇಷ್ಟ್ರಾಗಿದ್ದವರು. ಅವರಿಗೆ ಈ ಲೆಕ್ಕವನ್ನು ಕೊಟ್ಟೆ. ಮರುದಿನ ಬೆಳಗಿನ ವಾಯುವಿಹಾರದಲ್ಲಿ ಅವರು ಹೇಳಿದರು: “ಸ್ವಾಮಿ, ಆ ದರದ ಕಟ್ಟುಗಳನ್ನು ಒಡೆಯದೆ ನಾಲ್ಕು ಜಾತಿಯನ್ನೂ ತರಬೇಕೆಂದರೆ ಉತ್ತರ ಒಂದಲ್ಲ, ಆರು.” ನೂರು ನಾಣ್ಯಕ್ಕೆ ನೂರು ಕೋಳಿ ಕೊಳ್ಳುವ ಲೆಕ್ಕ ಚೀನದಲ್ಲಿ ಐದನೆಯ ಶತಮಾನದಲ್ಲಿಯೇ ಇತ್ತು. ಈಜಿಪ್ಟಿನ ಅಬೂ ಕಾಮಿಲನು ಹಕ್ಕಿಗಳ ಲೆಕ್ಕಕ್ಕಾಗಿಯೇ ಒಂದು ಪುಸ್ತಕ ಬರೆದ. ಹಕ್ಕಿಗಳಿಗೆ ಗಡಿಯಿಲ್ಲವಷ್ಟೆ.

ನನಗೆ ತುಂಬ ಮೆಚ್ಚಿಗೆಯಾದದ್ದು ಮುತ್ತಿನ ಹಾರದ ಲೆಕ್ಕ. ವಸಂತದ ಒಂದು ರಾತ್ರಿ. ಹೂತೋಟದ ನಡುವೆ ಬೆಳ್ದಿಂಗಳಂತೆ ಬೆಳ್ಳಗಿರುವ ಉಪ್ಪರಿಗೆ. ದಂಪತಿಗಳ ಪ್ರಣಯಕಲಹದಲ್ಲಿ ಹೆಂಡತಿಯ ಕೊರಳ ಹಾರ ಹರಿಯುತ್ತದೆ. ಮುತ್ತುಗಳಲ್ಲಿ ಮೂರನೆಯ ಒಂದು ಪಾಲು ಸೇವಕಿಯ ಕಡೆಗೆ ಉರುಳಿದವು, ಆರನೆಯ ಒಂದು ಪಾಲು ಹಾಸಿಗೆಯ ಮೇಲೆ ಬಿದ್ದವು. ಉಳಿದುದರ ಅರ್ಧ, ಅದರಲ್ಲಿ ಉಳಿದುದರ ಅರ್ಧ, ಹೀಗೆ ಆರು ಸಲ ಅಲ್ಲಲ್ಲಿ ಚೆದುರಿದವು. ಕೊನೆಗೆ ದಾರದಲ್ಲಿ 1161 ಮುತ್ತುಗಳು ಉಳಿದವು. ಹಾರದಲ್ಲಿ ಇದ್ದದ್ದೆಷ್ಟು? ಉತ್ತರವನ್ನು ಆಮೇಲೆ ಹೇಳುತ್ತೇನೆ. ಅಲಂಕಾರಶಾಸ್ತ್ರದವರು ಇದನ್ನು ಸಂಭೋಗ ಶೃಂಗಾರದ ಉದಾಹರಣೆಯಾಗಿ ಎತ್ತಿಕೊಂಡಿದ್ದರೂ ನಾನು ಆಕ್ಷೇಪಿಸುತ್ತಿರಲಿಲ್ಲ.

ಈ ಗ್ರಂಥ ದಕ್ಷಿಣದಲ್ಲೆಲ್ಲ ಪಾಠಪುಸ್ತಕವಾಗಿ ಹಬ್ಬಿತು. ತೆಲುಗಿನಲ್ಲಿ ಪಾವುಲೂರಿ ಮಲ್ಲನ ಇದನ್ನು ಪದ್ಯಕ್ಕೆ ತಂದ. ಅದು ತೆಲುಗಿನ ಮೊದಲ ಗಣಿತ ಗ್ರಂಥ. ಹುಟ್ಟಿದ ನೆಲದ ಮಾತಿನಲ್ಲಿ ಗಣಿತ ಬರೆಯಲು ಮುಂದಾದವನು ರಾಜಾದಿತ್ಯ. ಅವನ ಊರು ಪೂವಿನಬಾಗೆ, ಗುರು ಶುಭಚಂದ್ರದೇವ, ಮತದಿಂದ ಅವನೂ ಜೈನ. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯಲ್ಲಿ ಅವನನ್ನು ಹೊಯ್ಸಳ ವಿಷ್ಣುವರ್ಧನನ ಕಾಲಕ್ಕೆ, ಸುಮಾರು 1120ಕ್ಕೆ ಸೇರಿಸಿದರು, ಆ ಶತಮಾನದ ಕೊನೆಗೆ ತಳ್ಳುವವರೂ ಇದ್ದಾರೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಲೀಲಾವತಿ’, ‘ಚಿತ್ರಹಸುಗೆ’, ‘ಜೈನಗಣಿತಸೂತ್ರಟೀಕೋದಾಹರಣ’ ಎಂದು ಅವನ ಕೃತಿಗಳ ಹೆಸರು. ಭಾಸ್ಕರಾಚಾರ್ಯನ ಹೆಸರಾಂತ ಲೀಲಾವತಿ 1150ರದು; ಆ ಭಾಸ್ಕರನ ಹುಟ್ಟೂರು ನಮ್ಮ ವಿಜಾಪುರವೋ ಮಹಾರಾಷ್ಟ್ರದ್ದೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಸಂಸ್ಕೃತದ ಆ ಲೀಲಾವತಿಗಾಗಿ ಕಾದಾಡುವ ನಾವು ಕನ್ನಡದ ಲೀಲಾವತಿಯ ಹೆಸರನ್ನೇ ಕೇಳಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಸಾಹಿತ್ಯ ಚರಿತ್ರೆಗಳು ರಾಜಾದಿತ್ಯನಿಗೆ ಕೊಡುವುದು ಒಂದೆರಡು ಸಾಲು. ಅವನು ‘ಶಾಸ್ತ್ರಕವಿ’ ಎಂದು ಪಕ್ಕಕ್ಕೆ ಇಟ್ಟುಬಿಡುತ್ತೇವೆ. ಅವನಲ್ಲಿ ಪಂಪನನ್ನು ಹುಡುಕುವುದು ಮೂರ್ಖತನ, ಒಪ್ಪಿದೆ. ಆದರೆ ಅವನ ಎದುರಿಗೆ ಇದ್ದ ಕೆಲಸವನ್ನು ನೋಡಬೇಕು. ವ್ಯವಹಾರಗಣಿತದಲ್ಲಿ ಸೂತ್ರವನ್ನು ಪದ್ಯದಲ್ಲಿ ಹೇಳಿ, ಅದನ್ನು ಗದ್ಯದಲ್ಲಿ ಬಿಡಿಸಿ, ಉದಾಹರಣೆ ಕೊಟ್ಟು ಲೆಕ್ಕ ಮಾಡಿ ತೋರಿಸುತ್ತಾನೆ. ಮೂರು ಅಂಕೆ ಗೊತ್ತಿದ್ದು ನಾಲ್ಕನೆಯದನ್ನು ಹುಡುಕುವ ತ್ರೈರಾಶಿ. ಹೆಚ್ಚಿದರೆ ತಗ್ಗುವ ವ್ಯಸ್ತ ತ್ರೈರಾಶಿ. ಅಲ್ಲಿಂದ ಪಂಚರಾಶಿ, ಸಪ್ತರಾಶಿಗಳು. ಪಾದದ ಗಣ ಕೆಡಬಾರದು, ಪ್ರಾಸ ತಪ್ಪಬಾರದು, ಲೆಕ್ಕವಂತೂ ತಪ್ಪಲೇಬಾರದು. ಕಂದಪದ್ಯದಲ್ಲಿ ಪ್ರಾಸಕ್ಕಾಗಿ ಚಂದ್ರನನ್ನು ತಾವರೆಯ ಪಕ್ಕಕ್ಕೆ ಎಳೆತಂದ ಕವಿಗಳುಂಟು. ಗಣಿತಕವಿಗೆ ಆ ಸ್ವಾತಂತ್ರ್ಯವಿಲ್ಲ. ಏಳು ಬೇಕಾದಲ್ಲಿ ಎಂಟು ಸಲ್ಲದು.

ಅವನು ಸಂಸ್ಕೃತದಲ್ಲಿ ಬರೆದಿದ್ದರೆ ಹೆಸರು ಕಾಶಿಯವರೆಗೆ ಹೋಗುತ್ತಿತ್ತು. ಕನ್ನಡದಲ್ಲಿ ಏಕೆ ಬರೆದ? ಲೆಕ್ಕ ಬೇಕಾಗಿದ್ದವರು ಕನ್ನಡದವರು ಎಂಬುದೇ ಇದಕ್ಕೆ ನನಗೆ ತೋರುವ ಉತ್ತರ. ಆ ಕಾಲದ ಶಾಸನಗಳನ್ನು ಓದಿದವರಿಗೆ ಇದು ತಿಳಿದೀತು. ಅವುಗಳಲ್ಲಿ ಅರಸನ ಬಿರುದಾವಳಿ ಮುಗಿದ ಮೇಲೆ ಉಳಿಯುವುದು ಗಣಿತವೇ: ಇಷ್ಟು ಕೋಲಿನ ಗದ್ದೆ, ಇಷ್ಟು ಮತ್ತರು ಬೆದ್ದಲು, ಗದ್ಯಾಣಕ್ಕೆ ಇಷ್ಟು ಬಡ್ಡಿ, ನಂದಾದೀವಿಗೆಗೆ ಇಷ್ಟು ಎಣ್ಣೆ. ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಭಕ್ತರು ಕೆಲವು ಗದ್ಯಾಣಗಳನ್ನು ಇಡುಗಂಟಾಗಿ ಕೊಟ್ಟು, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ಅಭಿಷೇಕಕ್ಕೆ ನಿತ್ಯ ಇಷ್ಟು ಮಾನ ಹಾಲು ಸಲ್ಲಬೇಕೆಂದು ಕಟ್ಟಳೆ ಮಾಡಿದ್ದಾರೆ. ಆ ಹಾಲು ಆಚಂದ್ರಾರ್ಕವಾಗಿ ಹರಿಯಬೇಕಾದರೆ ಯಾವನೋ ಒಬ್ಬ ಸೇನಬೋವನಿಗೆ ಪಂಚರಾಶಿ ಬರಬೇಕು. ರಾಜಾದಿತ್ಯ ಬರೆದದ್ದು ಅವನಿಗಾಗಿ.

ಹೊರಗಿನ ಲೋಕದೊಡನೆ ಹೋಲಿಸಿದರೆ ಇದರ ಬೆಲೆ ಇನ್ನೂ ತಿಳಿಯುತ್ತದೆ. ಪೀಸಾ ನಗರದ ಲಿಯೊನಾರ್ಡೊ ಯೂರೋಪಿಗೆ ನಮ್ಮ ಅಂಕಿಗಳನ್ನು ವಿಸ್ತಾರವಾಗಿ ಪರಿಚಯಿಸಿದ್ದು 1202ರಲ್ಲಿ, ಅದೂ ಲ್ಯಾಟಿನ್ ಭಾಷೆಯಲ್ಲಿ. ವೆನಿಸಿನ ಸೀಮೆಯ ಆಡುಮಾತಿನಲ್ಲಿ ವರ್ತಕರ ಮಕ್ಕಳಿಗಾಗಿ ಅಂಕಗಣಿತದ ಪುಸ್ತಕ ಟ್ರೆವಿಸೊ ನಗರದಲ್ಲಿ ಅಚ್ಚಾದದ್ದು 1478ರಲ್ಲಿ. ಅದರ ಜೀವಾಳವೂ ತ್ರೈರಾಶಿಯೇ. ರಾಜಾದಿತ್ಯನ ಕಾಲದ ಬಗ್ಗೆ ಯಾವ ಮತವನ್ನು ಒಪ್ಪಿದರೂ ಅವನು ಇವರಿಬ್ಬರಿಗೂ ಹಿಂದಿನವನು. ಕನ್ನಡದಲ್ಲಿ ವಿಜ್ಞಾನ ಹೇಳಲು ಬರುವುದಿಲ್ಲ, ಪದಗಳಿಲ್ಲ ಎಂದು ಇಂದು ಹೇಳುವವರು ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ಎಂಬ ಮಾತುಗಳನ್ನು ತಾವು ಮೂರನೆಯ ತರಗತಿಯಲ್ಲಿ ಯಾವ ಭಾಷೆಯಲ್ಲಿ ಕಲಿತರೆಂದು ನೆನೆದುಕೊಳ್ಳಬಹುದು. ಅವು ಸಂಸ್ಕೃತದಿಂದ ಬಂದವು, ನಿಜ. ಆದರೆ ಅವಕ್ಕೆ ಕನ್ನಡದ ನೀರು ಕುಡಿಸಿ ಒಂಬೈನೂರು ವರ್ಷಗಳಾಗುತ್ತ ಬಂದಿವೆ.

ಅಚ್ಚ ಕನ್ನಡದ ಲೆಕ್ಕವೂ ಒಂದಿತ್ತು. ಕಾಲು, ಅರೆ, ಮುಕ್ಕಾಲು ಮಾತ್ರವಲ್ಲ, ಅರೆಕಾಲು, ವೀಸ, ಮುವ್ವೀಸ. ವೀಸವೆಂದರೆ ಹದಿನಾರರಲ್ಲಿ ಒಂದು. ಹಾಗವೆಂದರೆ ಪಣದ ಕಾಲು. ಕೂಲಿಮಠದ ಅಯ್ಯಗಳು ಇವುಗಳಿಗೆಲ್ಲ ಮಗ್ಗಿ ಹೇಳಿಸುತ್ತಿದ್ದರು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಹದಿನಾರು ಆಣೆಯ ರೂಪಾಯಿ ನೂರು ಪೈಸೆಯದಾಯಿತು. ಆ ಮಗ್ಗಿಗಳ ಆಯುಸ್ಸು ಅಂದಿಗೆ ಮುಗಿಯಿತು. ನಾನು ಶಾಲೆಗೆ ಸೇರುವ ವೇಳೆಗೆ ಮನೆಯಲ್ಲಿ ಅಜ್ಜ ಮಾತ್ರ ಮುಸ್ಸಂಜೆಯಲ್ಲಿ ಮುಕ್ಕಾಲು ಮಗ್ಗಿ ಹೇಳಿಸುತ್ತಿದ್ದರು, ಮೇಷ್ಟ್ರು ಕೇಳುತ್ತಿರಲಿಲ್ಲ. ದಶಮಾನ ಪದ್ಧತಿ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಅದರಿಂದ ಲೆಕ್ಕ ಸುಲಭವಾಯಿತು. ಆದರೆ ನಮ್ಮ ಆರ್‌ಪಿಸಿ ಲೇಔಟಿನ ತರಕಾರಿ ಗಾಡಿಯವನು ಇಂದಿಗೂ ಏಳುನೂರ ಐವತ್ತು ಗ್ರಾಂ ಎನ್ನುವುದಿಲ್ಲ, ಮುಕ್ಕಾಲು ಕೆ.ಜಿ. ಎನ್ನುತ್ತಾನೆ. ಹೂವಾಡಗಿತ್ತಿಯಂತೂ ಮಲ್ಲಿಗೆಯನ್ನು ಮೊಳಕ್ಕೆ ಇಷ್ಟೆಂದೇ ಮಾರುತ್ತಾಳೆ. ಮೊಳವೆಂದರೆ ಮಹಾವೀರಾಚಾರ್ಯನು ಎರಡು ಗೇಣಿಗೆ ಒಂದೆಂದು ಕೋಷ್ಟಕದಲ್ಲಿ ಬರೆದ ಅದೇ ಹಸ್ತ. ಯಾರ ಮೊಳ ಎಂಬ ವಿವಾದವೂ ಅಷ್ಟೇ ಹಳೆಯದಿರಬೇಕು. ನನ್ನಾಕೆ ಮಾತ್ರ ಅದನ್ನು ದಿನವೂ ಹೊಸದಾಗಿ ಎತ್ತುತ್ತಾಳೆ.

ಓಲೆಗರಿಯಿಂದ ಅಚ್ಚಿಗೆ ಈ ಗ್ರಂಥಗಳು ಬಂದ ಕಥೆ ಬೇಗ ಹೇಳಿಬಿಡಬಹುದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹದ ಹಸ್ತಪ್ರತಿಗಳನ್ನು ಹುಡುಕಿ ಹೋಲಿಸಿ, 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಅಮೆರಿಕದ ಗಣಿತ ಚರಿತ್ರಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಮುನ್ನುಡಿ ಬರೆದರು. ರಂಗಾಚಾರ್ಯರಿಗೆ ನೆರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಕನ್ನಡ ವಿವರಣೆಯುಳ್ಳವೂ ಇದ್ದವು. ಆದರೂ ಈ ಗ್ರಂಥ ಇಂಗ್ಲಿಷಿಗೆ ಹೋಗಿ, 1963ರಲ್ಲಿ ಹಿಂದಿಗೆ ಹೋಗಿ, ಕನ್ನಡಕ್ಕೆ ಬಂದದ್ದು 2000ದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಅನುವಾದಿಸಿದರು. ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ ಪ್ರಕಟಿಸಿತು. ರಾಜಾದಿತ್ಯನ ವ್ಯವಹಾರಗಣಿತವನ್ನು ಮೊದಲು ಸಂಪಾದಿಸಿದವರು ಮದರಾಸಿನಲ್ಲಿದ್ದ ಕನ್ನಡ ವಿದ್ವಾಂಸ ಎಂ. ಮರಿಯಪ್ಪ ಭಟ್ಟರು. ಕನ್ನಡದ ಮೊದಲ ಗಣಿತ ಗ್ರಂಥ ಬೆಳಕು ಕಂಡದ್ದು ಕನ್ನಡ ನಾಡಿನ ಹೊರಗೆ.

ನಿವೃತ್ತಿಗೆ ಮುಂಚಿನ ವರ್ಷ, ಹಳಗನ್ನಡದ ತರಗತಿಯಲ್ಲಿ ಛಂದಸ್ಸಿನ ಪಾಠದ ನಡುವೆ, ನಾನು ಮುತ್ತಿನ ಹಾರದ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಲೆಕ್ಕದಿಂದ ತಪ್ಪಿಸಿಕೊಳ್ಳಲೆಂದೇ ಕನ್ನಡ ಎಂ.ಎ.ಗೆ ಬಂದವರು ಆ ತರಗತಿಯಲ್ಲಿ ಮುಕ್ಕಾಲು ಪಾಲು. ಒಂದಷ್ಟು ಗುಸುಗುಸು ನಡೆಯಿತು. ಕೆಲವರು ಫೋನಿಗೆ ಕೈಹಾಕಿದರು. ಹಿ೦ದಿನ ಸಾಲಿನ ಒಬ್ಬ ಹುಡುಗಿ ಸೂತ್ರವನ್ನೂ ಭಿನ್ನರಾಶಿಯನ್ನೂ ಬಳಸದೆ, ದಾರದಲ್ಲಿ ಉಳಿದ ಮುತ್ತುಗಳಿಂದ ಹಿಂದಕ್ಕೆ ನಡೆದಳು. ಮೂರನೆಯ ಒಂದೂ ಆರನೆಯ ಒಂದೂ ಸೇರಿದರೆ ಅರ್ಧವೇ ಅಲ್ಲವೆ ಸಾರ್, ಅಲ್ಲಿಗೆ ಏಳು ಸಲ ಅರ್ಧವಾಯಿತು ಎಂದವಳೇ 1161ನ್ನು ಏಳು ಸಲ ದ್ವಿಗುಣಿಸಿದಳು: 2322, 4644, 9288, 18,576, 37,152, 74,304, 1,48,608. ಅಷ್ಟು ಮುತ್ತಿನ ಹಾರವನ್ನು ಹೊತ್ತ ಕೊರಳು ಎಂಥದ್ದಿರಬೇಕೆಂದು ಮುಂದಿನ ಸಾಲಿನಿಂದ ಯಾರೋ ಕೇಳಿದರು. ಅತಿಶಯೋಕ್ತಿ ಅಲಂಕಾರದ ಪಾಠ ಆ ದಿನ ತಾನಾಗಿಯೇ ಆಯಿತು.